ಉದ್ಯೋಗದಾತರ ಅಭಿಪ್ರಾಯ

ನಮ್ಮ ಯಜಮಾನರ ಬಾಯಿಂದ ಒಂದು ಒಳ್ಳೆಯ ಮಾತು ಬರುವುದಕ್ಕಿಂತ ನಾವು ಕಟ್ಟುವ ಹಲ್ಲಿನ ಸೆಟ್ಟೇ ಎದ್ದು ಮಾತಾಡುವುದು ಸುಲಭ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನನಗೆ ಇದು ಗೊತ್ತಾಗಿತ್ತು. ಆದರೂ ನನ್ನ ಹಣೆಬರಹ ಬರೆಯುವ ಫಾರಮ್ಮನ್ನು ಅವರ ಕೈಗೇ ಕೊಟ್ಟು ನಿಶ್ಚಿಂತೆಯಿಂದ ಕೂತೆನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕು!

ಹಲ್ಲಿನ ಡಾಕ್ಟರು ಬೇರೆ, ನಾವು ಬೇರೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ಮಾಡಿ, ಒಂದೊಂದೇ ಹಲ್ಲು ಕೂರಿಸುವವರು ನಾವು. ಗ್ರೂಪ್ ಫೋಟೋದಲ್ಲಿ ಯಾರಾದರೂ ಅಜ್ಜ ಮೂವತ್ತೆರಡೂ ಹಲ್ಲು ತೋರಿಸಿ ನಗುತ್ತಿದ್ದರೆ ಆ ನಗು ನಮ್ಮದು. ನಿಜ ಹೇಳಬೇಕೆಂದರೆ ನಾವು ಕೂರಿಸುವುದು ಇಪ್ಪತ್ತೆಂಟೇ. ಇಲ್ಲಿಯವರೆಗೆ ಯಾವ ಅಜ್ಜನೂ ಎಣಿಸಿ ನೋಡಿಲ್ಲ.

ಈ ವಿದ್ಯೆ ಕಲಿಯಲೆಂದೇ ನಾನು ಪರದೇಶಕ್ಕೆ ಬಂದು ಎರಡು ವರ್ಷ ಓದಿದೆ. ಯಜಮಾನರು ಮೂವತ್ತು ವರ್ಷದ ಹಿಂದೆಯೇ ಬಂದು ಇಲ್ಲಿ ಬೇರು ಬಿಟ್ಟ ನಮ್ಮ ಭಾಷೆಯವರು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಲ್ಯಾಬು. ನಾಲ್ಕು ಮೇಜು, ಪ್ಲಾಸ್ಟರ್ ಕೂತು ಕೂತು ಬೆಳ್ಳಗಾದ ಒಂದು ಸಿಂಕು, ಸ್ಪಿರಿಟ್ ದೀಪ, ಮೂಲೆಯಲ್ಲಿ ಪಾಲಿಶ್ ಮಾಡುವ ಮೋಟಾರು. ಆ ಮೋಟಾರಿನ ಮುಂದೆ ಹತ್ತೊಂಬತ್ತು ವರ್ಷದಿಂದ ಕೂತಿರುವವರು ಪಾಲಿಶಣ್ಣ. ಯಜಮಾನರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮೊದಲ ದಿನ ನನ್ನ ಸರ್ಟಿಫಿಕೇಟು ನೋಡಿದವರು ಆವತ್ತಿನಿಂದ ನನಗೆ 'ಡಿಗ್ರಿ' ಎಂದೇ ಹೆಸರಿಟ್ಟರು.

"ಏ ಡಿಗ್ರಿ, ಪ್ಲಾಸ್ಟರ್ ಗಂಟಾಗಿದೆ ನೋಡು. ಇದನ್ನೂ ಕಾಲೇಜಲ್ಲೇ ಹೇಳ್ಕೊಟ್ರಾ?"

ಮುಗಿಸಿದ ಪ್ರತಿ ಕೆಲಸವೂ ಒಂದು ಟ್ರೇಯಲ್ಲಿ ಅವರ ಮೇಜಿಗೆ ಹೋಗಬೇಕು. ಜೊತೆಗೆ ಒಂದು ಕಾರ್ಡು. ಅದರ ಮೇಲೆ ತಾರೀಖು, ಕೇಸ್ ನಂಬರು, ಕೆಲಸ ಯಾವುದು, ಮಾಡಿದವರು ಯಾರು ಎಂದು ಇರುತ್ತದೆ. ಅವರು ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ದವಡೆಯ ಹಾಗೆ ತೆರೆದು ಮುಚ್ಚುವ ಉಪಕರಣದಲ್ಲಿ ಕೂರಿಸಿ ಕಟಕಟ ಕಚ್ಚಿಸಿ, ಕೆಂಪು ಪೆನ್ಸಿಲಿನಲ್ಲಿ ಕಾರ್ಡಿನ ಮೇಲೆ ಈ ದೇಶದ ಭಾಷೆಯಲ್ಲೇ ತಪ್ಪು ಬರೆದು ವಾಪಸು ಕಳಿಸುತ್ತಿದ್ದರು. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇವರು ಕಲ್ಲು ಸಿಗದಿದ್ದರೆ ಮೊಸರನ್ನೇ ಬೈಯುವ ಪೈಕಿ. 'ಎಡಗಡೆ ಕೋರೆಹಲ್ಲಿಗೆ ಜಂಭ ಜಾಸ್ತಿ, ತಗ್ಗಿಸು.' 'ಮುಂದಿನ ಆರು ಹಲ್ಲು ಪರೀಕ್ಷೆಗೆ ಕೂತ ಮಕ್ಕಳ ಹಾಗಿವೆ. ಎಪ್ಪತ್ತು ವರ್ಷದ ಬಾಯಿಗೆ ಇಷ್ಟು ಶಿಸ್ತು ಎಲ್ಲಿಂದ ಬಂತು?' 'ಒಸಡು ನೋಡಿದರೆ ಚೂಯಿಂಗ್ ಗಮ್ ಅಂಟಿಸಿದ ಹಾಗಿದೆ.'

ನಾನು ಹಲ್ಲು ಕಚ್ಚಿಕೊಂಡು ತಿದ್ದುತ್ತಿದ್ದೆ. ಕೆಳಗಿನ ಅಂಗಡಿಯಿಂದ ಒಂದು ಖಾಲಿ ಚಪ್ಪಲಿ ಡಬ್ಬಿ ತಂದು ಆ ಕಾರ್ಡುಗಳನ್ನೆಲ್ಲ ಅದರಲ್ಲಿ ಹಾಕಿಡುತ್ತಿದ್ದೆ. ಕಲಿಯುವ ಆಸೆಯಿಂದ ಇಟ್ಟೆ ಎಂದರೆ ಸುಳ್ಳಾಗುತ್ತದೆ. ಈ ಲ್ಯಾಬು ಬಿಡುವ ದಿನ ಇಡೀ ಡಬ್ಬಿಯನ್ನು ಅವರ ಮೇಜಿನ ಮೇಲೆ ಸುರಿದು ಬಾಗಿಲು ಧಡಾರನೆ ಹಾಕಿಕೊಂಡು ಹೋಗಬೇಕು ಎಂಬುದೇ ನನ್ನ ಉದ್ದೇಶವಾಗಿತ್ತು.

ಇನ್ನು ಪರ್ಮಿಟ್ಟಿನ ವಿಷಯ. ಓದು ಮುಗಿಸಿದ ಪರದೇಶದವರಿಗೆ ಇಲ್ಲಿನ ಸರ್ಕಾರ ಮೊದಲು ಕೊಡುವುದು ಹುಡುಕಾಟದ ಪರ್ಮಿಟ್ಟು. ಹತ್ತು ತಿಂಗಳು ಸಿಕ್ಕಿದ ಕಡೆ ಕೆಲಸ ಮಾಡಿಕೊಂಡಿರಬಹುದು. ಅಷ್ಟರೊಳಗೆ ಬೇರೆ ಪರ್ಮಿಟ್ಟು ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಬೇರೆಯದರಲ್ಲಿ ಎರಡು ಬಗೆ. ಮಾಲೀಕರ ಪರ್ಮಿಟ್ಟು ಎಂಬುದು ಮೂರು ವರ್ಷದ್ದು, ಆದರೆ ಫಾರಂ ಹಾಕಿದ ಮಾಲೀಕರನ್ನು ಬಿಟ್ಟು ಇನ್ನೆಲ್ಲೂ ದುಡಿಯುವಂತಿಲ್ಲ. ಮುಕ್ತ ಪರ್ಮಿಟ್ಟೂ ಮೂರು ವರ್ಷದ್ದೇ, ಓದಿದ ವಿದ್ಯೆಯಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು. ಅದಕ್ಕೆ ಮಾತ್ರ ಕನಿಷ್ಠ ಆರು ತಿಂಗಳ ಕೆಲಸವನ್ನು ಒಂದೊಂದಾಗಿ, ದಾಖಲೆ ಸಮೇತ ತೋರಿಸಬೇಕು. ಯಾರ ಹತ್ತಿರ ಇರುತ್ತದೆ ಅಂಥ ದಾಖಲೆ? ಊರಾಚೆಯ ದೊಡ್ಡ ಲ್ಯಾಬಿನವರು "ಮುಕ್ತ ಪರ್ಮಿಟ್ ಇದ್ರೆ ನಾಳೇನೇ ಬನ್ನಿ" ಎಂದು ಹೇಳಿ ಕಳಿಸಿದ್ದರು. ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ. ಈ ಗಾದೆಯನ್ನು ನಮ್ಮ ಕಸುಬಿನವರೇ ಯಾರೋ ಕಟ್ಟಿರಬೇಕು.

ಮೂರನೆಯ ದಾರಿಯೊಂದನ್ನು ನಮ್ಮ ಚಿಕ್ಕಮ್ಮ ಕಂಡುಹಿಡಿದಿದ್ದಳು. ಭಾನುವಾರ ಅಮ್ಮ ಫೋನು ಮಾಡಿದರೆ ಪಕ್ಕದಲ್ಲಿ ಅವಳು ಇದ್ದೇ ಇರುತ್ತಿದ್ದಳು.

"ಅಷ್ಟೊಂದು ಒದ್ದಾಟ ಯಾಕೇ? ಅಲ್ಲೇ ಹುಟ್ಟಿ ಬೆಳೆದೋನ್ನ ಒಬ್ಬನ್ನ ನೋಡಿ ಕಟ್ಕೊ. ಪರ್ಮಿಟ್ಟೂ ಸಿಗುತ್ತೆ, ಗಂಡನೂ ಸಿಗ್ತಾನೆ."

"ಚಿಕ್ಕಮ್ಮಾ, ನಾನು ದಿನಾ ನೋಡೋರೆಲ್ಲ ಎಪ್ಪತ್ತು ದಾಟಿದೋರು. ಅದೂ ಬರೀ ಬಾಯಿ ಅಷ್ಟೇ ನೋಡ್ತೀನಿ."

ಅಮ್ಮ ಮಾತ್ರ ನಗುತ್ತಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನನ್ನನ್ನು ಓದಿಸಿದವಳು ಅವಳು. ನಾನು ಹಿಂತಿರುಗಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಇಲ್ಲಿಗೆ ಬರುವ ಮೊದಲೇ ನಮ್ಮೂರಿನ ಎರಡು ಲ್ಯಾಬುಗಳಿಗೂ ಹೋಗಿ ಕೇಳಿ ಬಂದವಳು ನಾನು. ಎರಡೂ ಕಡೆ ಹುಡುಗಿಯರನ್ನು ಫೋನು ಎತ್ತಲು ಕೂರಿಸುತ್ತೇವೆ ಅಂದರೇ ಹೊರತು ಹಲ್ಲು ಕೂರಿಸಲು ಬಿಡುತ್ತೇವೆ ಅನ್ನಲಿಲ್ಲ. ನನಗೆ ಬೇಕಾದದ್ದು ಮೇಣ, ಚಾಕು, ಕಿಟಕಿಯ ಬೆಳಕು. ಅದು ಸಿಕ್ಕಿದ್ದು ಇಲ್ಲಿ ಮಾತ್ರ.

ಹಾಗಾಗಿ ಮಾಲೀಕರ ಪರ್ಮಿಟ್ಟಿಗೇ ಅರ್ಜಿ ಹಾಕಿದೆ. ಅದರಲ್ಲಿ ಒಂದು ಪುಟ 'ಉದ್ಯೋಗದಾತರ ಅಭಿಪ್ರಾಯ'. ಅಭ್ಯರ್ಥಿಯ ಕೆಲಸ ಹೇಗಿದೆ, ಆಕೆ ಏಕೆ ಬೇಕು ಎಂದು ಮಾಲೀಕರೇ ಬರೆದು, ಸಹಿ ಮಾಡಿ, ಲಕೋಟೆ ಅಂಟಿಸಿ ನೇರವಾಗಿ ಕಚೇರಿಗೆ ಕಳಿಸಬೇಕು. ಅಭ್ಯರ್ಥಿ ನೋಡುವಂತಿಲ್ಲ. ಫಾರಂ ಕೊಟ್ಟಾಗ ಯಜಮಾನರು ಕನ್ನಡಕ ಏರಿಸಿ ಹಿಂದೆ ಮುಂದೆ ನೋಡಿ "ಆಯ್ತು" ಎಂದರು. ಮರುದಿನ "ಕಳಿಸ್ದೆ" ಎಂದರು. ಅವರ ಮಟ್ಟಿಗೆ ಅದೇ ದೊಡ್ಡ ಭಾಷಣ.

ಮೂರು ವಾರ ಕಳೆದು, ಒಂದು ಶನಿವಾರ ಬೆಳಿಗ್ಗೆ ನನ್ನ ರೂಮಿನ ಬಾಗಿಲಿನ ಸಂದಿಯಿಂದ ಪತ್ರ ಬಿತ್ತು. ಹಲ್ಲುಜ್ಜುತ್ತಲೇ ಒಡೆದು ಓದಿದೆ. 'ನಿಮ್ಮ ಉದ್ಯೋಗದಾತರು ಅಭಿಪ್ರಾಯದ ಪುಟವನ್ನು ಖಾಲಿ ಬಿಟ್ಟು ಸಹಿ ಮಾಡಿದ್ದಾರೆ. ಅವರಿಗೆ ನಿಮ್ಮ ಬಗ್ಗೆ ಅಭಿಪ್ರಾಯವಿಲ್ಲವೆಂದು ಭಾವಿಸಲಾಗಿದೆ. ಗುರುವಾರ ಹನ್ನೊಂದು ಗಂಟೆಗೆ ಉದ್ಯೋಗದಾತರೊಡನೆ, ಮಾಡಿದ ಕೆಲಸದ ಪುರಾವೆಯೊಡನೆ ಹಾಜರಾಗದಿದ್ದಲ್ಲಿ ಅರ್ಜಿ ತಿರಸ್ಕೃತ.' ನನ್ನ ಹುಡುಕಾಟದ ಪರ್ಮಿಟ್ಟಿಗೆ ಉಳಿದದ್ದು ಹನ್ನೆರಡು ದಿನ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಕೋರೆಹಲ್ಲಿನ ಬಗ್ಗೆ ನಾಲ್ಕು ಸಾಲು ಬರೆಯುವ ಮನುಷ್ಯನಿಗೆ ನನ್ನ ಬಗ್ಗೆ ಬರೆಯಲು ಒಂದಕ್ಷರ ಸಿಗಲಿಲ್ಲವೇ? ಬಾಯಿಯ ನೊರೆಯನ್ನೂ ಸರಿಯಾಗಿ ತೊಳೆದುಕೊಳ್ಳದೆ ಲ್ಯಾಬಿಗೆ ಓಡಿದೆ. ಯಜಮಾನರು ಡಾಕ್ಟರುಗಳಿಗೆ ಸೆಟ್ಟು ತಲುಪಿಸಲು ಹೋಗಿದ್ದರು. ಸಿಕ್ಕಿದವರು ಪಾಲಿಶಣ್ಣ.

"ನಾನು ಬೇಡ ಅಂತಿದ್ರೆ ಮುಖದ ಮೇಲೇ ಹೇಳ್ಬಹುದಿತ್ತಲ್ಲ ಅಣ್ಣಾ! ಖಾಲಿ ಕಾಗದ ಕಳ್ಸಿ ಕತ್ತು ಕುಯ್ಯೋದಾ?"

ಪಾಲಿಶಣ್ಣ ಮೋಟಾರು ನಿಲ್ಲಿಸಿದರು. ಪತ್ರ ಓದಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಾನು ಹಲ್ಲು ಉಜ್ಜಿ ಹೊಳಪಿಸುವ ಅವರ ಪ್ಯೂಮಿಸ್ ಪುಡಿಯ ಬಟ್ಟಲನ್ನು ಎತ್ತಿ ಎಸೆಯದೇ ಇದ್ದದ್ದು ಅವರ ಪುಣ್ಯ.

"ಅಯ್ಯೋ ತಂಗೀ, ನಿಂಗೆ ಯಾವತ್ತಾದ್ರೂ ಖಾಲಿ ಕಾರ್ಡು ವಾಪಸ್ ಬಂದಿದೆಯಾ?"

"ಇಲ್ಲ."

"ಅದಕ್ಕೇ ನಿಂಗೆ ಗೊತ್ತಿಲ್ಲ. ಇವ್ರು ತಪ್ಪಿದ್ರೆ ಬರೀತಾರೆ, ಇಲ್ದಿದ್ರೆ ಖಾಲಿ ಬಿಡ್ತಾರೆ. ಖಾಲಿ ಅಂದ್ರೆ ನೂರಕ್ಕೆ ನೂರು. ಹತ್ತೊಂಬತ್ತು ವರ್ಷದಲ್ಲಿ ನಂಗೆ ಖಾಲಿ ಬಂದಿರೋದು ಹನ್ನೊಂದು. ನನ್ ಹೆಂಡ್ತಿ ಅದನ್ನ ಒಡವೆ ಜೊತೆ ಇಟ್ಟಿದಾಳೆ."

ನಾನು ಪತ್ರವನ್ನು ಅವರ ಕೈಯಿಂದ ಕಿತ್ತುಕೊಂಡೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಜಮಾನರ ಕೆಮ್ಮು ಕೇಳಿಸಿತು. ಒಳಗೆ ಬಂದವರ ಕೈಗೆ ಪತ್ರ ಕೊಟ್ಟೆ. ಅವರು ಎರಡು ಸಲ ಓದಿದರು. ಮುಖ ಸಣ್ಣದಾಯಿತು.

"ಇದೇನಿದು? ಅಭಿಪ್ರಾಯ ಇಲ್ಲ ಅಂತ ಯಾರಂದ್ರು? ಕೊಟ್ಟಿದ್ನಲ್ಲ!"

"ಖಾಲಿ ಬಿಟ್ಟಿದ್ರಿ ಯಜಮಾನ್ರೇ."

"ಹೂಂ. ಮತ್ತೆ?"

"ನನ್ ಕಾರ್ಡು ಒಂದೂ ಖಾಲಿ ಬಂದಿಲ್ಲ. ನಿನ್ನೆ ಕೂಡ ಬರೆದಿದ್ರಿ, ದವಡೆ ಹಲ್ಲು ನಿದ್ದೆ ಹೊಡೀತಿದೆ ಅಂತ."

"ಅದು ಹಲ್ಲಿನ ಕಾರ್ಡಮ್ಮ. ಹಲ್ಲಲ್ಲಿ ತಪ್ಪಿತ್ತು, ಬರೆದೆ. ಇದು ನಿನ್ನ ಫಾರಮ್ಮು." ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ನಿನ್ನಲ್ಲಿ ಬರೆಯೋ ಅಂಥ ತಪ್ಪು ಏನೂ ಕಾಣಿಸ್ಲಿಲ್ಲ."

ಸಿಟ್ಟು ಮಾಡಿಕೊಂಡು ಬಂದವಳ ಕಣ್ಣಲ್ಲಿ ನೀರು ತುಂಬಿತು. ಹತ್ತು ತಿಂಗಳ ಉರಿ ಒಂದು ಮಾತಿಗೆ ಆರಿ ಹೋಯಿತು. ಆದರೆ ಕಣ್ಣೀರಿಗೆ ಪರ್ಮಿಟ್ಟು ಕೊಡುವುದಿಲ್ಲವಲ್ಲ. ಹೊಸ ಪತ್ರ ಬರೆಯಲೇಬೇಕಾಗಿತ್ತು.

ಆ ಪತ್ರದ ಪಾಡು ಕೇಳಬೇಡಿ. ಸೋಮವಾರದಿಂದ ಬುಧವಾರದವರೆಗೆ ಊಟದ ಬಿಡುವಿನಲ್ಲಿ ಮೂವರೂ ಅದಕ್ಕೇ ಕೂತೆವು. ಯಜಮಾನರು 'ಚೆನ್ನಾಗಿ' ಎಂದು ಬರೆಯುವರು, ಅದನ್ನು ನೋಡಿ ಮುಜುಗರಪಟ್ಟು 'ಸುಮಾರು ಚೆನ್ನಾಗಿ' ಎಂದು ತಿದ್ದುವರು, ಆಮೇಲೆ ಕಾಗದವನ್ನೇ ಹರಿಯುವರು.

"ಹೊಗಳಿದ್ರೆ ಕೈ ಕೆಟ್ಟೋಗುತ್ತೆ ಕಣಯ್ಯಾ," ಎಂದು ಪಾಲಿಶಣ್ಣನಿಗೆ ಹೇಳಿದರು. "ನಮ್ ಗುರುಗಳು ನನ್ನನ್ನ ಹೊಗಳಿದ್ರೆ ನಾನು ಆವತ್ತೇ ಹಾಳಾಗಿರ್ತಿದ್ದೆ."

ಬುಧವಾರ ಸಂಜೆಗೆ ಎರಡೇ ವಾಕ್ಯ ಉಳಿದವು. 'ಈಕೆ ದಿನವೂ ಬರುತ್ತಾಳೆ. ಬಂದ ಮೇಲೆ ಹೋಗು ಅಂದರೂ ಹೋಗುವುದಿಲ್ಲ.' ಅವರ ದೃಷ್ಟಿಯಲ್ಲಿ ಇದು ಮಹಾ ಪ್ರಶಂಸೆ. ವೀಸಾ ಕಚೇರಿಯವರಿಗೆ ಇದಕ್ಕಿಂತ ಭಯಂಕರವಾದ ವಾಕ್ಯ ಇನ್ನೊಂದಿರಲಾರದು. ಪಾಲಿಶಣ್ಣ ಮೆತ್ತಗೆ ಅದನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

"ತಂಗೀ, ಆ ಚಪ್ಪಲಿ ಡಬ್ಬಿ ತಗೊಂಡ್ಹೋಗು. ಪುರಾವೆ ಕೇಳಿದಾರಲ್ಲ."

"ಅದ್ರಲ್ಲಿರೋದು ನನ್ ತಪ್ಪುಗಳಣ್ಣ! ತನ್ನ ಅಪರಾಧದ ಪಟ್ಟಿ ತಾನೇ ಹೊತ್ಕೊಂಡು ಯಾರಾದ್ರೂ ಪೊಲೀಸ್ ಸ್ಟೇಷನ್ನಿಗೆ ಹೋಗ್ತಾರಾ?"

"ಬರಿಗೈಗಿಂತ ವಾಸಿ. ಹೋಗು."

ಗುರುವಾರ ಹನ್ನೊಂದಕ್ಕೆ ಐದನೆಯ ಕೌಂಟರಿನ ಮುಂದೆ ಕೂತೆವು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಮಾತು ಮರೆತ ಪಾತ್ರಧಾರಿಯ ಹಾಗೆ ಬೆವರುತ್ತಿದ್ದರು. ಗಾಜಿನಾಚೆ ಇದ್ದ ಮೇಡಂ ನಡುವಯಸ್ಸಿನವರು. ಮೇಜಿನ ಮೇಲೆ ಮೂರು ಕಡೆ ಕಡತಗಳ ಗುಡ್ಡೆ, ಒಂದು ಕಡೆ ತಣ್ಣಗಾದ ಕಾಫಿ. ಅವರು ಖಾಲಿ ಪುಟವನ್ನು ಎತ್ತಿ ನಮ್ಮ ಕಡೆ ತಿರುಗಿಸಿದರು.

"ಇದು ನಿಮ್ಮ ಸಹಿನಾ?"

"ಹೌದು."

"ಏನೂ ಬರೆದಿಲ್ಲ ಯಾಕೆ?"

ಯಜಮಾನರು ಬಾಯಿ ತೆರೆದರು, ಮುಚ್ಚಿದರು. ನಮ್ಮ ಲ್ಯಾಬಿನ ಉಪಕರಣವೂ ಅಷ್ಟು ಸಲ ತೆರೆದು ಮುಚ್ಚಿರಲಿಕ್ಕಿಲ್ಲ. ಕೊನೆಗೆ ಹೊರಬಿದ್ದ ಮಾತು ನನ್ನ ಬಗ್ಗೆ ಅಲ್ಲವೇ ಅಲ್ಲ.

"ಮೇಡಂ, ನೀವು ನಿದ್ದೇಲಿ ಹಲ್ಲು ಕಡೀತೀರಾ?"

ಮೇಡಂ ಹುಬ್ಬು ಗಂಟಿಕ್ಕಿದರು.

"ಏನಂದ್ರಿ?"

"ಎಡಗಡೆ ಮೇಲಿನ ಹಲ್ಲು ಸವೆದಿದೆ. ಬೆಳಿಗ್ಗೆ ಎದ್ದಾಗ ಕಪಾಳ ನೋಯುತ್ತಿರಬೇಕು. ಡಾಕ್ಟರ್‌ಗೆ ತೋರಿಸ್ಕೊಳ್ಳಿ, ಬಿಟ್ರೆ ಕೆಡುತ್ತೆ."

ಮೇಡಂ ತಮಗೇ ಗೊತ್ತಿಲ್ಲದಂತೆ ಎಡ ಕೆನ್ನೆ ಮುಟ್ಟಿಕೊಂಡರು. "ಹೌದು, ನೋಯುತ್ತೆ," ಎಂದರು. "ಇದು ಹೇಗೆ ಗೊತ್ತಾಯ್ತು?"

ನಾನು ಇನ್ನು ತಡೆಯಲಾರದೆ ಬಾಯಿ ಹಾಕಿದೆ. "ಅವ್ರಿಗೆ ಅದೊಂದೇ ಗೊತ್ತು ಮೇಡಂ. ತಪ್ಪು ಕಾಣಿಸುತ್ತೆ, ಬರೀತಾರೆ. ತಪ್ಪು ಕಾಣದೆ ಇದ್ರೆ ಖಾಲಿ ಬಿಡ್ತಾರೆ. ಆ ಪುಟ ಖಾಲಿ ಇರೋದು ಅದಕ್ಕೇ." ಹೀಗೆ ಹೇಳುತ್ತ ಡಬ್ಬಿಯನ್ನು ಗಾಜಿನ ಕೆಳಗಿನ ಸಂದಿಯಲ್ಲಿ ತೂರಿಸಲು ಹೋದೆ. ಹಿಡಿಸಲಿಲ್ಲ. ಮುಚ್ಚಳ ತೆಗೆದು ಕಾರ್ಡುಗಳನ್ನು ಹಿಡಿ ಹಿಡಿಯಾಗಿ ದಾಟಿಸಿದೆ.

ಮೇಡಂ ಮೊದಲನೆಯದನ್ನು ಮುಖ ಬಿಗಿದುಕೊಂಡೇ ಓದಿದರು. ಮೂರನೆಯದಕ್ಕೆ ತುಟಿ ಅದುರಿತು. ಕೋರೆಹಲ್ಲಿನ ಜಂಭಕ್ಕೆ ಬಂದಾಗ ನಕ್ಕೇಬಿಟ್ಟರು, ಪಕ್ಕದ ಕೌಂಟರಿನವರು ಇಣುಕಿ ನೋಡುವಷ್ಟು ಜೋರಾಗಿ. ಆಮೇಲೆ ನಗು ನಿಲ್ಲಿಸಿ, ತಾರೀಖಿನ ಪ್ರಕಾರ ಜೋಡಿಸತೊಡಗಿದರು. ಹತ್ತು ನಿಮಿಷ ಎಣಿಸಿ ಎಣಿಸಿ ಒಂದು ಚೀಟಿಯಲ್ಲಿ ಬರೆದುಕೊಂಡರು.

"ಮೊದಲ ತಿಂಗಳು ಒಂದೊಂದು ಕಾರ್ಡಿಗೆ ಹದಿನೈದು, ಹದಿನಾರು ತಪ್ಪು," ಎಂದರು. "ಎರಡೂ ಕಡೆ ತುಂಬಿಸಿ ಬರೆದಿದ್ದಾರೆ. ಐದನೇ ತಿಂಗಳಲ್ಲಿ ನಾಲ್ಕೈದು. ಈ ತಿಂಗಳು ಒಂದು, ಹೆಚ್ಚಂದ್ರೆ ಎರಡು. ಒಂದೊಂದಕ್ಕೂ ತಾರೀಖು, ಕೇಸ್ ನಂಬರು, ಕೆಲಸದ ವಿವರ. ಇನ್ನೂರ ಹನ್ನೆರಡು ಕಾರ್ಡು. ನಾನು ಇಲ್ಲಿ ಕೂತು ಒಂಬತ್ತು ವರ್ಷ ಆಯ್ತು. ಇಂಥ ದಾಖಲೆ ಯಾರೂ ತಂದಿಲ್ಲ." ನನ್ನ ಕಡೆ ತಿರುಗಿದರು. "ನೀವು ಮುಕ್ತ ಪರ್ಮಿಟ್ಟಿಗೆ ಯಾಕೆ ಹಾಕ್ಲಿಲ್ಲ?"

"ದಾಖಲೆ ಬೇಕು ಅಂತಿತ್ತು ಮೇಡಂ."

"ಇದೇನು ಮತ್ತೆ?"

ನಾನು ಪಿಳಿಪಿಳಿ ಕಣ್ಣು ಬಿಟ್ಟೆ. ಮುಖಕ್ಕೆ ಎಸೆಯಲು ಕೂಡಿಟ್ಟ ಕಾರ್ಡುಗಳು ನನಗೇ ಚಿನ್ನವಾಗಿದ್ದವು.

"ಇವತ್ತೇ ಬದಲಾಯಿಸಬಹುದು," ಎಂದು ಮೇಡಂ ಯಜಮಾನರಿಗೆ ಹೇಳಿದರು. "ಆದ್ರೆ ನೀವು ಹಾಕಿರೋ ಫಾರಂ ನೀವೇ ವಾಪಸ್ ತಗೋಬೇಕು. ಯೋಚನೆ ಮಾಡಿ. ಮಾಲೀಕರ ಪರ್ಮಿಟ್ಟಾದ್ರೆ ಇವ್ರು ಮೂರು ವರ್ಷ ನಿಮ್ಮಲ್ಲೇ ಇರ್ತಾರೆ. ಮುಕ್ತದ್ದಾದ್ರೆ ನಾಳೆ ಬೆಳಿಗ್ಗೇನೇ ಬಿಟ್ಟು ಹೋಗಬಹುದು. ನೀವು ಏನೂ ಮಾಡೋ ಹಾಗಿಲ್ಲ."

ನಾನು ಯಜಮಾನರ ಮುಖ ನೋಡಲು ಹೆದರಿದೆ. ದೊಡ್ಡ ಲ್ಯಾಬಿನ ಗಾಜಿನ ಬಾಗಿಲು, ಹೊಸ ಯಂತ್ರಗಳು ಕಣ್ಣ ಮುಂದೆ ಬಂದದ್ದು ಸುಳ್ಳಲ್ಲ. ಅದರ ಹಿಂದೆಯೇ ನಾಚಿಕೆಯೂ ಆಯಿತು. ಅವರಿಗೆ ಅರವತ್ತಮೂರು. ಹಲ್ಲು ಕೂರಿಸುವವಳು ನಾನೊಬ್ಬಳೇ. ಅವರ ಕೈ ಈಚೆಗೆ ಸ್ವಲ್ಪ ನಡುಗುವುದನ್ನು ನಾನೂ ನೋಡಿದ್ದೆ.

ಅವರು ಅಂಗಿಯ ಜೇಬಿನಿಂದ ಕೆಂಪು ಪೆನ್ಸಿಲು ತೆಗೆದರು. ಗಾಜಿನ ಸಂದಿಯಿಂದ ತಮ್ಮ ಫಾರಮ್ಮನ್ನು ಹತ್ತಿರಕ್ಕೆ ಎಳೆದುಕೊಂಡು ಈ ಮೂಲೆಯಿಂದ ಆ ಮೂಲೆಗೆ ಒಂದು ಗೆರೆ ಹೊಡೆದರು.

"ಇದ್ರಲ್ಲಿ ತಪ್ಪಿದೆ ಮೇಡಂ," ಎಂದರು. "ಇನ್ನೊಂದು ಕೊಡಿ ಅವಳಿಗೆ."

"ಪೆನ್ನಲ್ಲಿ ಮಾಡಿ, ಪೆನ್ಸಿಲ್ ನಡೆಯಲ್ಲ," ಎಂದರು ಮೇಡಂ. ಅವರ ದನಿ ಮಾತ್ರ ಮೆತ್ತಗಾಗಿತ್ತು.

ಶುಕ್ರವಾರ ಸಂಜೆ ಮುಕ್ತ ಪರ್ಮಿಟ್ಟು ಕೈಗೆ ಬಂತು. ಭಾನುವಾರ ಫೋನಿನಲ್ಲಿ ಅಮ್ಮ ಅತ್ತಳು. ಚಿಕ್ಕಮ್ಮ "ಹಾಗಾದ್ರೆ ಈಗ ಗಂಡನ್ನ ನಿಧಾನಕ್ಕೆ ಹುಡುಕಬಹುದು ಬಿಡು" ಎಂದಳು. ದೊಡ್ಡ ಲ್ಯಾಬಿನ ನಂಬರು ನನ್ನ ಫೋನಿನಲ್ಲಿ ಇತ್ತು. ಎರಡು ಸಲ ತೆಗೆದೆ, ಎರಡು ಸಲ ಮುಚ್ಚಿದೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೆಲಸ, ಪೂರ್ತಿ ಬಾಯಿ ಯಾರ ಕೈಗೂ ಬರುವುದಿಲ್ಲ ಎಂದು ಕೇಳಿದ್ದೆ. ಆದರೆ ಅದಲ್ಲ ನಿಜವಾದ ಕಾರಣ. ನನ್ನ ಹಲ್ಲು ನಿದ್ದೆ ಹೊಡೆಯುತ್ತಿದೆ ಎಂದು ಅಲ್ಲಿ ಯಾರು ಹೇಳುತ್ತಾರೆ?

ಸೋಮವಾರ ಒಂಬತ್ತಕ್ಕೆ ಮೆಟ್ಟಿಲು ಹತ್ತಿದೆ. ನನ್ನ ಮೇಜು ಬೋಳಾಗಿತ್ತು. ಟ್ರೇ ಇಲ್ಲ, ಮೇಣ ಇಲ್ಲ. ಯಜಮಾನರು ನನ್ನನ್ನು ನೋಡಿ ಎದ್ದು ನಿಂತರು.

"ಬಂದ್ಯಾ? ಬರ್ತೀಯೋ ಇಲ್ವೋ ಗೊತ್ತಾಗ್ಲಿಲ್ಲ. ಕೆಲಸ ತೆಗೆದಿಟ್ಟಿಲ್ಲ."

"ಬಂದಿದೀನಿ. ಆದ್ರೆ ಒಂದು ಷರತ್ತಿದೆ."

ಪಾಲಿಶಣ್ಣ ಮೋಟಾರು ಆರಿಸಿದರು. ಹತ್ತು ತಿಂಗಳಲ್ಲಿ ನಾನು ಷರತ್ತು ಎಂಬ ಶಬ್ದ ಆಡಿದ್ದು ಅದೇ ಮೊದಲು. ಇಷ್ಟು ದಿನ ಬೇರೆ ಗತಿಯಿಲ್ಲದೆ ಬರುತ್ತಿದ್ದವಳು ಈಗ ಮನಸ್ಸಿದ್ದು ಬಂದಿದ್ದೆ, ಆ ಖುಷಿಗೆ ನಾಲಿಗೆ ಉದ್ದವಾಗಿತ್ತು.

"ತಪ್ಪು ಎಷ್ಟು ಬೇಕಾದ್ರೂ ಬರೀರಿ ಯಜಮಾನ್ರೇ. ಒಳ್ಳೇದಿದ್ರೆ ಅದನ್ನೂ ಬಾಯಿಬಿಟ್ಟು ಹೇಳ್ಬೇಕು. ವಾರಕ್ಕೆ ಒಂದು ಸಲ."

"ವಾರಕ್ಕಾ?" ಅವರು ಗಾಬರಿಯಾದರು. "ಜಾಸ್ತಿಯಾಯ್ತಮ್ಮ. ವರ್ಷಕ್ಕೊಂದು."

"ಹದಿನೈದು ದಿನಕ್ಕೊಂದು."

"ತಿಂಗಳಿಗೊಂದು. ಅದ್ರ ಮೇಲೆ ನನ್ ಕೈಲಾಗಲ್ಲ."

"ಆಯ್ತು, ತಿಂಗಳಿಗೊಂದು."

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಪಾಲಿಶಣ್ಣನ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿದರು. ಕಿವಿ ಕೆಂಪಾಗಿತ್ತು.

"ಈ ತಿಂಗಳಿಂದು ಈಗ್ಲೇ ಹೇಳಿ ಮುಗಿಸಿಬಿಡ್ತೀನಿ," ಎಂದರು. "ನೀನು ಬಂದಿದ್ದು ಒಳ್ಳೇದಾಯ್ತು."